ಛಲ ಬಿಡದ ತ್ರಿವಿಕ್ರಮನ ವಂಶಾವಳಿ

ಹಿಡಿದ ಕೆಲಸವನ್ನು ಕೈಬಿಡದವರನ್ನು ಕಂಡರೆ ನಾವು 'ಛಲ ಬಿಡದ ತ್ರಿವಿಕ್ರಮ' ಎನ್ನುತ್ತೇವೆ. ಆದರೆ ಬೇತಾಳನನ್ನು ಹೆಗಲ ಮೇಲೆ ಹೊತ್ತ ರಾಜ ವಿಕ್ರಮಾದಿತ್ಯ ಅಲ್ಲವೇ? ಈ 'ತ್ರಿ' ಎಲ್ಲಿಂದ ಬಂತು? ಕಾಶ್ಮೀರದ ಸೋಮದೇವ 11ನೇ ಶತಮಾನದಲ್ಲಿ ಬರೆದ 'ಕಥಾಸರಿತ್ಸಾಗರ'ವನ್ನು ತೆರೆದರೆ ಉತ್ತರ ಸಿಗುತ್ತದೆ. ಅಲ್ಲಿ ಶವ ಹೊತ್ತವನು ಗೋದಾವರಿ ತೀರದ ಪ್ರತಿಷ್ಠಾನದ ರಾಜ, ಹೆಸರು ತ್ರಿವಿಕ್ರಮಸೇನ. ಕಾಲಕ್ರಮೇಣ ಜನಪ್ರಿಯನಾದ ಉಜ್ಜಯಿನಿಯ ವಿಕ್ರಮಾದಿತ್ಯ ಈ ಕಥೆಯನ್ನೂ ತನ್ನದಾಗಿಸಿಕೊಂಡ. ಹಳೆಯ ನಾಯಕನ ಹೆಸರು ಮಾತ್ರ ನಮ್ಮ ಆಡುಮಾತಿನಲ್ಲಿ ಉಳಿದುಕೊಂಡಿತು.

ಅದ್ಭುತ ಕಥೆಗಳ ನಾಯಕರು ಹುಟ್ಟುವುದೇ ಹೀಗೆ. ಯಾರೂ ಶೂನ್ಯದಿಂದ ಬರುವುದಿಲ್ಲ. ಇಂಗ್ಲೆಂಡಿನ ಟೋಲ್ಕಿನ್ 1954-55ರಲ್ಲಿ ಪ್ರಕಟಿಸಿದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯಲ್ಲಿ ಮುರಿದ ಖಡ್ಗವನ್ನು ಮತ್ತೆ ಬೆಸೆದು ವೀರನ ಕೈಗೆ ಕೊಡುತ್ತಾರೆ. ಉತ್ತರ ಯುರೋಪಿನ ಪುರಾತನ ಕಥೆಯ ಸಿಗುರ್ಡ್ ಎಂಬ ವೀರನ ಖಡ್ಗವೂ ಹಾಗೆ ಬೆಸೆದದ್ದೇ. ಟೋಲ್ಕಿನ್ ಆ ಸಾಹಿತ್ಯವನ್ನು ಅರೆದು ಕುಡಿದ ಪ್ರಾಧ್ಯಾಪಕರು.

ನಮ್ಮ ಕನ್ನಡಕ್ಕೆ ಇದು ಹೊಸದೇನಲ್ಲ. ಕ್ರಿ.ಶ. 941ರಲ್ಲಿ ಪಂಪ 'ವಿಕ್ರಮಾರ್ಜುನ ವಿಜಯ' ಬರೆದಾಗ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದ. ಆಮೇಲೆ ಆದದ್ದು ಸ್ವಾರಸ್ಯಕರ. ದೊರೆಗೆ ಒಪ್ಪುವಂತೆ ಅರ್ಜುನನೇ ಬದಲಾದ. ಪಂಪನಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಕೊನೆಗೆ ಪಟ್ಟಾಭಿಷೇಕವೂ ಅರ್ಜುನನಿಗೇ. ಅಂದರೆ ಹಳೆಯ ನಾಯಕ ಹೊಸಬನನ್ನು ರೂಪಿಸುವಂತೆ, ಹೊಸಬನೂ ಹಳಬನನ್ನು ತಿದ್ದುತ್ತಾನೆ.

ಈಗ ನಮ್ಮ ಊರಿಗೆ ಬರೋಣ. ತ್ರಿಪ್ಲಿಕೇನ್‌ನಿಂದ ಕೆಲವೇ ಮೈಲಿ ದೂರದ ವಡಪಳನಿ ಒಂದು ಕಾಲಕ್ಕೆ ದಕ್ಷಿಣ ಭಾರತದ ಮಾಯಾಲೋಕವಾಗಿತ್ತು. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು 1947ರಲ್ಲಿ ತೆಲುಗು, ತಮಿಳುಗಳಲ್ಲಿ 'ಚಂದಮಾಮ' ಆರಂಭಿಸಿದರು. 1949ರಲ್ಲಿ ಅದು ಕನ್ನಡಕ್ಕೂ ಬಂತು. ಅದೇ ನಾಗಿರೆಡ್ಡಿ-ಚಕ್ರಪಾಣಿ ಜೋಡಿಯ ವಿಜಯಾ ಸಂಸ್ಥೆಯಿಂದ 1951ರಲ್ಲಿ ಕೆ.ವಿ. ರೆಡ್ಡಿ ನಿರ್ದೇಶನದ 'ಪಾತಾಳ ಭೈರವಿ' ತೆರೆ ಕಂಡಿತು.

ಬೇತಾಳ ಕಥೆಯ ಚೌಕಟ್ಟನ್ನು ಒಮ್ಮೆ ನೆನೆಯಿರಿ. ಒಬ್ಬ ಕಪಟ ಸನ್ಯಾಸಿ ರಾಜನ ಸಹಾಯ ಬೇಡುತ್ತಾನೆ. ಅವನ ಒಳಗುಟ್ಟು ರಾಜನನ್ನೇ ಬಲಿಕೊಟ್ಟು ಸಿದ್ಧಿ ಪಡೆಯುವುದು. ಕೊನೆಯ ಪ್ರಶ್ನೆಗೆ ರಾಜನಿಗೆ ನಿಜಕ್ಕೂ ಉತ್ತರ ತೋಚದೆ ಮೌನವಾಗಿ ನಡೆದಾಗ ಬೇತಾಳ ಮೆಚ್ಚಿ ಆ ಗುಟ್ಟನ್ನು ತಿಳಿಸುತ್ತದೆ. ಬಲಿಯಾಗುವವನು ಸನ್ಯಾಸಿಯೇ. ಇನ್ನು 'ಪಾತಾಳ ಭೈರವಿ' ನೋಡಿ. ನೇಪಾಳದ ಮಾಂತ್ರಿಕ ಒಬ್ಬ ಸಾಹಸಿ ಯುವಕನನ್ನು ಬಲಿಗಾಗಿ ಕರೆದೊಯ್ಯುತ್ತಾನೆ. ಶಾಪದಿಂದ ಮೊಸಳೆಯಾಗಿದ್ದ ಅಪ್ಸರೆ ಗುಟ್ಟು ಹೇಳುತ್ತಾಳೆ. ಯುವಕ ಮಾಂತ್ರಿಕನನ್ನೇ ದೇವಿಗೆ ಒಪ್ಪಿಸುತ್ತಾನೆ. ಅಲ್ಲಾವುದ್ದೀನನ ದೀಪದ ಛಾಯೆ ಇದರಲ್ಲಿ ಇದೆಯೆಂದು ಹೇಳುವುದುಂಟು, ಅದೂ ನಿಜ. ಆದರೆ ಬೆನ್ನೆಲುಬು ತ್ರಿವಿಕ್ರಮಸೇನನದು. ಕಥೆ ನಡೆಯುವ ಊರು ಕೂಡ ಉಜ್ಜಯಿನಿಯೇ!

ಒಂದು ಮುಖ್ಯ ಬದಲಾವಣೆ ಮಾತ್ರ ಆಯಿತು. ಇಲ್ಲಿನ ನಾಯಕ ತೋಟರಾಮ ರಾಜನಲ್ಲ, ತೋಟದ ಕೆಲಸದವಳ ಮಗ. ದೇಶ ಗಣರಾಜ್ಯವಾದ ಮರುವರ್ಷವೇ ಜನ ಈ ನಾಯಕನನ್ನು ಅಪ್ಪಿಕೊಂಡರು. ಎನ್.ಟಿ. ರಾಮರಾವ್ ಅವರಿಗೆ ದೊಡ್ಡ ಹೆಸರು ತಂದ ಪಾತ್ರವಿದು. ಉಡುಪಿ ಕಡೆಯ ಬಿ. ವಿಠಲಾಚಾರ್ಯರು ಮದರಾಸಿನಲ್ಲಿ ನೆಲೆ ನಿಂತು ಇದೇ ಜಾನಪದ ದಾರಿಯಲ್ಲಿ ಸಾಗಿದರು. 1963ರಲ್ಲಿ ಅವರು ರಾಜ್‌ಕುಮಾರ್ ಅವರಿಗೆ 'ವೀರಕೇಸರಿ' ಮಾಡಿದರು. ಅದರ ತೆಲುಗು ಜೋಡಿಚಿತ್ರದ ಹೆಸರು 'ಬಂದಿಪೋಟು', ಅಂದರೆ ದರೋಡೆಗಾರ. ಸಿಂಹಾಸನದಿಂದ ತೋಟಕ್ಕೆ, ತೋಟದಿಂದ ಕಾಡಿಗೆ! ನಾಯಕ ಇಳಿದಷ್ಟೂ ಜನರಿಗೆ ಹತ್ತಿರವಾದ.

ಮುಖಗಳೂ ಹೀಗೆಯೇ ವಂಶಪಾರಂಪರ್ಯವಾಗಿ ಬರುತ್ತವೆ. 1952ರಲ್ಲಿ 'ಚಂದಮಾಮ' ಸೇರಿದ ಚಿತ್ರಕಾರ ಶಂಕರ್, ಅಂದರೆ ಕೆ.ಸಿ. ಶಿವಶಂಕರನ್, ಕೈಯಲ್ಲಿ ಕತ್ತಿ, ಹೆಗಲಲ್ಲಿ ಶವ ಇರುವ ವಿಕ್ರಮನನ್ನು ಬರೆದರು. ಅವರು 2020ರಲ್ಲಿ ತೀರಿಕೊಂಡಾಗಲೂ ಎಲ್ಲರಿಗೂ ನೆನಪಾದದ್ದು ಆ ಒಂದು ಚಿತ್ರವೇ. 1985ರಲ್ಲಿ ರಾಮಾನಂದ ಸಾಗರ್ ದೂರದರ್ಶನಕ್ಕೆ 'ವಿಕ್ರಮ್ ಔರ್ ಬೇತಾಳ್' ತಂದರು. ವಿಕ್ರಮನಾಗಿದ್ದ ಅರುಣ್ ಗೋವಿಲ್ ಎರಡೇ ವರ್ಷದಲ್ಲಿ ಸಾಗರ್ ಅವರ ರಾಮನಾದರು.

ಹಾಗಾದರೆ ಹೊಸ ನಾಯಕರು ಹಳಬರಿಂದ ಏನನ್ನು ಪಡೆಯುತ್ತಿದ್ದಾರೆ? ಕಿರೀಟ, ಕತ್ತಿ, ಮೈಕಟ್ಟು ಧಾರಾಳವಾಗಿ ಬಂದಿವೆ. ಆದರೆ ತ್ರಿವಿಕ್ರಮಸೇನನ ನಿಜವಾದ ಆಸ್ತಿ ಬೇರೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಒಡೆಯುತ್ತದೆ, ಹೇಳಿದರೆ ಶವ ಮರಕ್ಕೆ ಹಾರುತ್ತದೆ. ಸರಿಯಾದ ಉತ್ತರ ಹೇಳಿದ್ದಕ್ಕೇ ಪ್ರತಿಸಲ ಸೋಲುವ, ಸೋತರೂ ಮತ್ತೆ ಮರದತ್ತ ತಿರುಗುವ ನಾಯಕ ಅವನು. ಕತ್ತಿ ಇದ್ದರೂ ಅವನು ದಾರಿಯುದ್ದಕ್ಕೂ ಬಳಸುವುದು ವಿವೇಕವನ್ನು. ಈ ಪಾಲು ಮುಂದಿನವರಿಗೆ ಸರಿಯಾಗಿ ಸಂದಿದೆಯೇ ಎಂಬುದೇ ನನ್ನ ಅನುಮಾನ.

ನಮ್ಮ ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿಯನ್ನೇ ನೋಡಿ. ಯುದ್ಧದಲ್ಲಿ ಆಯುಧ ಹಿಡಿಯೆನೆಂದು ಸಾರಥಿಯಾದವನು. ಉತ್ಸವಮೂರ್ತಿಯ ಮುಖದ ಮೇಲಿನ ಗುರುತುಗಳನ್ನು ಭೀಷ್ಮನ ಬಾಣದ ಗಾಯಗಳೆಂದು ಭಕ್ತರು ತೋರಿಸುತ್ತಾರೆ. ಮಾತು ಕೊಟ್ಟದ್ದಕ್ಕಾಗಿ ಗಾಯ ಉಂಡವನೂ ನಾಯಕನೇ ಎಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

'ಚಂದಮಾಮ' ನಿಂತು ಹೋಗಿ ಹತ್ತು ವರ್ಷಗಳ ಮೇಲಾಯಿತು. ಚೆನ್ನೈನ ಎಷ್ಟೋ ಕನ್ನಡ ಮನೆಗಳಲ್ಲಿ ಮಕ್ಕಳು ಕನ್ನಡ ಮಾತನಾಡುತ್ತಾರೆ, ಓದಲಾರರು. ಅವರಿಗೆ ಹ್ಯಾರಿ ಪಾಟರ್ ಗೊತ್ತು, ಗೊತ್ತಿರಲಿ, ಸಂತೋಷ. ಅವನ ಅಜ್ಜ-ಮುತ್ತಜ್ಜಂದಿರು ನಮ್ಮ ಭಾಷೆಯಲ್ಲೂ ಇದ್ದಾರೆಂದು ತಿಳಿಸಲು ಲಿಪಿಯೇ ಬೇಕೆಂದಿಲ್ಲ, ಬಾಯಿಮಾತು ಸಾಕು. ಒಂದು ಬೇತಾಳ ಕಥೆ ಹೇಳಿ, ಪ್ರಶ್ನೆ ಬಂದ ಕೂಡಲೇ ನಿಲ್ಲಿಸಿಬಿಡಿ. ಉತ್ತರ ಮಕ್ಕಳಿಂದಲೇ ಬರಲಿ, ಕನ್ನಡದಲ್ಲೇ ಬರಲಿ. ತಪ್ಪಾದರೂ ಅಡ್ಡಿಯಿಲ್ಲ. ಮರ ಅಲ್ಲೇ ಇದೆ, ಮತ್ತೆ ಹೋಗಿ ಇಳಿಸಿಕೊಂಡರಾಯಿತು.