ಗುಡ್ಡ ಕಾಯ್ದ ಕಾಗದ, ಕಾಗದ ಕಾಯ್ದ ಜನ
(ದೇವರ ಹಿಪ್ಪರಗಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನೆಲ, ಜಲ, ಗುಡ್ಡ ಕಾಯಲು ನಮ್ಮ ದೇಶದಲ್ಲಿ ಕಾನೂನಿಗೆ ಬರವಿಲ್ಲ. ಕಾಡು, ಕೆರೆ, ನದಿಗಳನ್ನು ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯೇ ಹೇಳಿದೆ. ಆದರೆ ಕಾನೂನು ತಾನಾಗಿ ಎದ್ದು ಬಂದು ಕಾಯುವುದಿಲ್ಲ. ಗದಗ ಜಿಲ್ಲೆಯ ಕಪ್ಪತಗುಡ್ಡವೇ ಇದಕ್ಕೆ ಸಾಕ್ಷಿ.

ಔಷಧಿ ಸಸ್ಯಗಳಿಗೆ ಹೆಸರಾದ ಆ ಗುಡ್ಡದ ಒಡಲಲ್ಲಿ ಚಿನ್ನವೂ ಇದೆ. ಅದಕ್ಕೇ ಗಣಿಯವರ ಕಣ್ಣು. 2015ರ ಡಿಸೆಂಬರಿನಲ್ಲಿ ಸರ್ಕಾರ ಅದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿತು. ವರ್ಷ ತುಂಬುವ ಮೊದಲೇ, 2016ರ ನವೆಂಬರಿನಲ್ಲಿ, ಅದೇ ಸರ್ಕಾರ ಆ ಘೋಷಣೆಯನ್ನು ಹಿಂದಕ್ಕೆ ಪಡೆಯಿತು. ಆಗ ಗದುಗಿನ ತೋಂಟದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಜನರೊಡನೆ ಧರಣಿ ಕುಳಿತರು. 2017ರಲ್ಲಿ ಘೋಷಣೆ ಮರಳಿ ಬಂತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಅದನ್ನು ಕಣ್ತುಂಬ ನೋಡಲು ಶ್ರೀಗಳು ಇರಲಿಲ್ಲ; 2018ರ ಅಕ್ಟೋಬರಿನಲ್ಲಿಯೇ ಲಿಂಗೈಕ್ಯರಾಗಿದ್ದರು.

ಮೀಸಲು ಪ್ರದೇಶಕ್ಕೂ ವನ್ಯಜೀವಿಧಾಮಕ್ಕೂ ಇರುವ ಅಂತರ ಬರೀ ಹೆಸರಿನದಲ್ಲ. ಮೊದಲನೆಯದನ್ನು ರಾಜ್ಯ ಸರ್ಕಾರ ಒಂದು ಆದೇಶದಿಂದ ಅಳಿಸಿದ್ದನ್ನು ಕಂಡೆವು. ಎರಡನೆಯದರ ಗಡಿ ಬದಲಿಸಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕೇ ಬೇಕು. ಹೋರಾಡುವವರು ಘೋಷಣೆ ಕೂಗಿದರಷ್ಟೇ ಸಾಲದು, ಯಾವ ಕಾಗದ ಗಟ್ಟಿ ಎಂಬುದನ್ನೂ ಅರಿತಿರಬೇಕು.

ಇನ್ನು ನಮ್ಮ ಸೀಮೆಗೆ ಬರೋಣ. ಭೀಮೆಯ ಉಸುಕು ಎಷ್ಟು ಹೋಗಿದೆ ಎಂಬುದನ್ನು ತೀರದ ರೈತರು ಬಲ್ಲರು. ಉಸುಕು ಹೋದ ಹೊಳೆಯಲ್ಲಿ ನೀರು ನಿಲ್ಲದು, ದಂಡೆಯ ಬಾವಿಯೂ ಬತ್ತುತ್ತದೆ. ಪರಿಸರ ಅನುಮತಿಯಿಲ್ಲದೆ ಉಸುಕು ತೆಗೆದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಬಹುದು. 2010ರ ಕಾಯ್ದೆಯಂತೆ ವ್ಯಾಜ್ಯದ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಕ್ಕ ಕಾರಣ ತೋರಿಸಿದರೆ ಮತ್ತೆ 60 ದಿನ, ಅಷ್ಟೇ. ನಮ್ಮ ರಾಜ್ಯದ ಪ್ರಕರಣಗಳನ್ನು ಕೇಳುವ ಪೀಠ ಚೆನ್ನೈನಲ್ಲಿದೆ. ಊರಿನ ಹಿರಿಯರು ಕೂಡಿ ಮಾತಾಡುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ಆದ್ದರಿಂದ ಒಂದು ಬೇಡಿಕೆ. ಪ್ರತಿ ಮಠದಲ್ಲಿ ದಾಸೋಹದ ಲೆಕ್ಕದ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕವಿರಲಿ. ಊರಿನ ಹಳ್ಳ, ಕೆರೆ, ಗಾಯರಾಣದ ಸರ್ವೆ ನಂಬರು, ಉತಾರ, ನಕಾಶೆ ಅದರಲ್ಲಿರಲಿ. ಮೊದಲ ಯಂತ್ರ ಹೊಳೆಗಿಳಿದ ತಾರೀಖು, ತಹಶೀಲ್ದಾರರಿಗೆ ಕೊಟ್ಟ ಅರ್ಜಿಯ ಸ್ವೀಕೃತಿ, ತೆಗೆದ ಫೋಟೋ ಎಲ್ಲವೂ ಸೇರಲಿ. ನ್ಯಾಯಾಲಯ ನಮ್ಮ ಸಿಟ್ಟನ್ನಲ್ಲ, ಪುರಾವೆಯನ್ನು ಕೇಳುತ್ತದೆ. ಇದನ್ನು ಬರೆದಿಡುವುದೂ ಕಾಯಕವೇ.