ವಿಷಪ್ರಕರಣ: ಕಡತದಲ್ಲಿ ಏನು ಬರೆಸಬೇಕು?

ಕಬ್ಬಿನ ಹೊಲಕ್ಕೆಂದು ತಂದಿಟ್ಟ ‘ಎಣ್ಣಿ’, ಅಂದರೆ ಕೀಟನಾಶಕ ಅಥವಾ ಕಳೆನಾಶಕ, ಯಾರದಾದರೂ ಹೊಟ್ಟೆ ಸೇರಿದಾಗ, ಆಸ್ಪತ್ರೆಯ ಕಾಗದದಲ್ಲಿ ‘ವಿಷ’ ಎಂದು ಬಂದರೆ ಪೊಲೀಸರು ಕಾಡುತ್ತಾರೆ, ಆರೋಗ್ಯ ಕಾರ್ಡಿನ ಸೌಲಭ್ಯವೂ ತಪ್ಪುತ್ತದೆ ಎಂಬ ಆತಂಕವನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಜನರು ಪದೇ ಪದೇ ಎತ್ತುತ್ತಾರೆ. ಈ ಭಯದಿಂದಲೇ ಎಷ್ಟೋ ಮನೆಯವರು ‘ವಾಂತಿ-ಭೇದಿ’ ಎಂದು ಬರೆಯಿರೆಂದು ವೈದ್ಯರ ಮುಂದೆ ಕೈಮುಗಿಯುತ್ತಾರೆ.

ಆಸ್ಪತ್ರೆಯ ಕಾಗದದಲ್ಲಿ ಬರೆಯುವ ರೋಗನಿರ್ಣಯ ಸಂಕೇತವೆಂದರೆ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಆಯಾ ಕಾಯಿಲೆಗೆ ಕೊಟ್ಟಿರುವ ಗುರುತು. ಅದರ ಹತ್ತನೆಯ ಪರಿಷ್ಕರಣೆಯಂತೆ ವಿಷಪ್ರಕರಣಕ್ಕೆ ಎರಡು ಗುರುತುಗಳು ಜೊತೆಯಾಗಿ ಬೇಕು: ಆರ್ಗನೋಫಾಸ್ಫರಸ್ ಕೀಟನಾಶಕಕ್ಕೆ ಟಿ 60.0, ಕಳೆನಾಶಕಕ್ಕೆ ಟಿ 60.3 ಎಂಬುದು ವಿಷ ಯಾವುದೆಂದು ತಿಳಿಸಿದರೆ, ಆಕಸ್ಮಿಕಕ್ಕೆ ಎಕ್ಸ್ 48, ಉದ್ದೇಶಪೂರ್ವಕಕ್ಕೆ ಎಕ್ಸ್ 68, ಗೊತ್ತಾಗದಿದ್ದರೆ ವೈ 18 ಎಂಬುದು ಅದು ದೇಹ ಸೇರಿದ ಬಗೆಯನ್ನು ತಿಳಿಸುತ್ತದೆ.

ವಿಷದ ಹೆಸರು ಮುಚ್ಚಿಟ್ಟರೆ ಆಗುವ ನಷ್ಟ ಬಿಲ್ಲಿನದಷ್ಟೇ ಅಲ್ಲ, ಚಿಕಿತ್ಸೆಯದೂ ಹೌದು. ಅಸಿಟೈಲ್‌ಕೋಲಿನ್ ಎಂಬುದು ನರಗಳ ಸಂದೇಶವನ್ನು ಸ್ನಾಯು, ಗ್ರಂಥಿಗಳಿಗೆ ಮುಟ್ಟಿಸುವ ರಾಸಾಯನಿಕವಾಗಿದ್ದು, ಕೆಲಸ ಮುಗಿದೊಡನೆ ಅದನ್ನು ಒಡೆಯಬೇಕಾದ ಕಿಣ್ವವನ್ನೇ ಆರ್ಗನೋಫಾಸ್ಫರಸ್ ಕಟ್ಟಿಹಾಕುವುದರಿಂದ ಸಂದೇಶ ನಿಲ್ಲದೆ ಹರಿದು, ಜೊಲ್ಲು-ಬೆವರು ಸುರಿದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಶ್ವಾಸನಾಳದಲ್ಲಿ ನೀರು ತುಂಬುತ್ತದೆ. ಅಟ್ರೊಪಿನ್ ಚುಚ್ಚುಮದ್ದು ಈ ಸ್ರಾವವನ್ನು ಒಣಗಿಸುತ್ತದೆಯೇ ಹೊರತು ಸೋತ ಸ್ನಾಯುಗಳಿಗೆ ಬಲ ಕೊಡುವುದಿಲ್ಲ. ಹೀಗಾಗಿ ರೋಗಿ ಎದ್ದು ಕುಳಿತು ಚಹಾ ಕೇಳಿದ ಮೇಲೂ, ಒಂದರಿಂದ ನಾಲ್ಕು ದಿನಗಳೊಳಗೆ ಕತ್ತಿನ ಹಾಗೂ ಉಸಿರಾಟದ ಸ್ನಾಯುಗಳು ಸೋಲಬಹುದು. ದಿಂಬಿನಿಂದ ತಲೆ ಎತ್ತಲಾಗದಿರುವುದು ಅದರ ಮುನ್ಸೂಚನೆ. ಮಾತನಾಡಿದನೆಂದರೆ ಪಾರಾದನೆಂದಲ್ಲ ಎಂಬುದನ್ನು ಮತ್ತೆ ಹೇಳಬೇಕಾಗಿದೆ, ಏಕೆಂದರೆ ಎರಡನೆಯ ದಿನವೇ ಮನೆಗೆ ಕರೆದೊಯ್ಯುವ ಹಟ ಇನ್ನೂ ನಿಂತಿಲ್ಲ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ, ಆ ವಾಂತಿಯನ್ನು ಶ್ವಾಸಕೋಶಕ್ಕೆ ಇಳಿಸುವ ಅಪಾಯಕಾರಿ ರೂಢಿಯಂತೂ ಹೋಗಿಯೇ ಇಲ್ಲ. ಸ್ನಾಯು ಸೋತಾಗ ವೆಂಟಿಲೇಟರ್ ಬೇಕಾಗುತ್ತದೆ. ವಾಂತಿ-ಭೇದಿಯ ಎ 09 ಸಂಕೇತದ ಕಡತದಲ್ಲಿ ವೆಂಟಿಲೇಟರಿನ ಖರ್ಚು ಕಂಡರೆ ಬಿಲ್ಲಿನ ಪರಿಶೀಲಕರು ಪ್ರಶ್ನಿಸುತ್ತಾರೆ, ಪ್ರಶ್ನಿಸುವುದೂ ಸರಿಯೇ.

ಪೊಲೀಸರಿಗೆ ಸುದ್ದಿ ಹೋಗುವುದು ವೈದ್ಯಕೀಯ-ಕಾನೂನು ಪ್ರಕರಣದ ನೋಂದಣಿಯಿಂದ, ಬಿಲ್ಲಿನ ಸಂಕೇತದಿಂದಲ್ಲ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೆಯ ಕಲಂ ಹೇಳುತ್ತದೆ. ನಿಜ ಬರೆಸಿದರೆ ಆಪ್ತಸಲಹೆಯ ಬಾಗಿಲೂ ತೆರೆಯುತ್ತದೆ. ಇನ್ನು ಆರೋಗ್ಯ ಕಾರ್ಡಿನ ಮಾತು: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತುರ್ತು ಪ್ರಕರಣಕ್ಕೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕಡ್ಡಾಯವಲ್ಲ.

ವಿಷ ಯಾವುದೆಂಬುದರ ಮೇಲೆ ಚಿಕಿತ್ಸೆಯೂ ಬದಲಾಗುತ್ತದೆ: ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ, ಅಗತ್ಯ ಮೀರಿ ಕೊಟ್ಟ ಆಮ್ಲಜನಕವೂ ಅಲ್ಲಿ ಹಾನಿ ಮಾಡುತ್ತದೆ. ಆದಕಾರಣ ಮನೆಯವರು ಡಬ್ಬಿಯನ್ನು ಚೀಟಿ ಹರಿಯದಂತೆ ಕಾರ್ಡಿನೊಡನೆ ಆಸ್ಪತ್ರೆಗೆ ತರಬೇಕು, ಬಿಡುಗಡೆಯ ಪತ್ರದಲ್ಲಿ ವಿಷದ ಹೆಸರಿದೆಯೇ ಎಂದು ಓದಿಸಿಕೊಂಡೇ ಹೊರಡಬೇಕು.