ಉಸುಕು ಹೋದರೆ ಮೊಸಳೆ ಎಲ್ಲಿಗೆ ಹೋಗಬೇಕು?

(ಐನಾಪುರದಲ್ಲಿ ಸಕ್ಕರೆ ಕಾರ್ಖಾನೆಯ ಕೆಲಸಗಾರರು ಹಾಗೂ ಪೇಟೆಯ ಸಣ್ಣ ವ್ಯಾಪಾರಸ್ಥರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ಸಂತೆಯ ಕರ ಇವೆಲ್ಲವನ್ನೂ ಬಿಟ್ಟು ನಾವು ಇಂದು ಮೊಸಳೆಯ ವಿಷಯ ಮಾತಾಡುತ್ತೇವೆಂದು ಕೇಳಿ ಕೆಲವರು ನಕ್ಕರಂತೆ. ನಗಲಿ. ನಕ್ಕವರ ಮನೆಯ ಹೆಣ್ಣುಮಕ್ಕಳೂ ಹೊಳೆಗೆ ಬಟ್ಟೆ ಒಗೆಯಲು ಹೋಗುತ್ತಾರೆ, ಅವರ ಎಮ್ಮೆಗಳೂ ಅಲ್ಲಿಯೇ ನೀರಿಗೆ ಬೀಳುತ್ತವೆ. ದಂಡೆಯಲ್ಲಿ ಮೊಸಳೆ ಕಂಡಿತೆಂದು ಸುದ್ದಿ ಬಂದ ದಿನ ನಗುವವರು ಯಾರೂ ಉಳಿಯುವುದಿಲ್ಲ. ಬಡಿಗೆ, ಕೊಡಲಿ, ಹಗ್ಗ ಹುಡುಕುವವರೇ ಎಲ್ಲ. ಬಡಿಗೆ ಎತ್ತುವ ಮೊದಲು ಎರಡು ಮಾತು ಕೇಳಿರಿ ಎಂಬುದಷ್ಟೇ ನಮ್ಮ ವಿನಂತಿ.

2019ರ ಆಗಸ್ಟಿನ ಮಹಾಪೂರವನ್ನು ಯಾರೂ ಮರೆತಿಲ್ಲ. ಆಗ ಆಚೆಯ ರಾಯಬಾಗ ತಾಲೂಕಿನಲ್ಲಿ ಮುಳುಗಿದ ಮನೆಯೊಂದರ ಮಾಳಿಗೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದು ಕುಳಿತ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಜನ ಬೆರಗಾದರು. ಕೃಷ್ಣೆಯಲ್ಲಿ ಇಂಥ ಪ್ರಾಣಿ ಇದೆಯೇ ಎಂದು ಬೆಂಗಳೂರಿನವರು ಕೇಳಿದರು. ನಮಗೆ ಅದು ಹೊಸದಲ್ಲ. ಸಾಂಗ್ಲಿಯಿಂದ ಹಿಡಿದು ಅಥಣಿ, ರಾಯಬಾಗ, ಜಮಖಂಡಿಯ ತನಕ ಈ ಹೊಳೆಯಲ್ಲಿ ಮೊಸಳೆ ಮೊದಲಿನಿಂದಲೂ ಇದೆ. ಗುಡಿಗಳ ಮಕರ ತೋರಣ ಕೆತ್ತಿದವರ ಕಲ್ಪನೆಯಲ್ಲಿ ಮೊಸಳೆ ಇತ್ತು; ಗಂಗೆಗೆ ಅದನ್ನೇ ವಾಹನ ಮಾಡಿದರು. ಗಜೇಂದ್ರಮೋಕ್ಷದ ಕಥೆಯಿಂದ ಅದಕ್ಕೆ ಕೆಟ್ಟ ಹೆಸರು ಬಂದದ್ದು ನಿಜ. ಆದರೆ ಆ ಕಥೆಯಲ್ಲಿ ಆನೆಯ ಜೊತೆಗೆ ಮೊಸಳೆಗೂ ಶಾಪವಿಮೋಚನೆಯಾಯಿತು ಎಂಬುದನ್ನು ಹೇಳುವವರು ಕಡಿಮೆ.

ಈ ಪ್ರಾಣಿ ಬಾಳುವ ರೀತಿ ತಿಳಿಯದೆ ಮುಂದಿನ ಮಾತು ತಿಳಿಯದು. ಶಾಲೆಯಲ್ಲಿ ಪಾಠ ಹೇಳಿದ ಅಭ್ಯಾಸ, ಸ್ವಲ್ಪ ಸಹಿಸಿಕೊಳ್ಳಿರಿ. ಮೊಸಳೆ ತಣ್ಣನೆಯ ನೆತ್ತರಿನ ಪ್ರಾಣಿ. ಮೈ ಬೆಚ್ಚಗಾಗಲು ಬಿಸಿಲು ಕಾಯಬೇಕು, ಬಿಸಿಲು ಕಾಯಲು ಜನರ ಸುಳಿವಿಲ್ಲದ ಉಸುಕಿನ ದಂಡೆ ಬೇಕು. ಚಳಿಗಾಲ ಮುಗಿಯುತ್ತ ಬಂದು ಹೊಳೆ ಇಳಿದಾಗ, ಅಂದರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಹೆಣ್ಣು ಮೊಸಳೆ ನೀರು ಮುಟ್ಟದ ಎತ್ತರದಲ್ಲಿ ಗುಂಡಿ ತೋಡಿ ಇಪ್ಪತ್ತೈದು ಮೂವತ್ತು ತತ್ತಿ ಇಡುತ್ತದೆ. ಕಾವು ಕೊಡುವುದು ನೆಲದ ಬಿಸಿ. ಮರಿ ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬುದನ್ನೂ ಆ ಬಿಸಿಯೇ ತೀರ್ಮಾನಿಸುತ್ತದೆ. ಸುಮಾರು ಎರಡು ತಿಂಗಳಿಗೆ ತತ್ತಿಯೊಳಗಿನಿಂದ ಮರಿಗಳು ಕೂಗುತ್ತವೆ. ತಾಯಿ ಕೇಳಿಸಿಕೊಂಡು ಮಣ್ಣು ಕೆದರಿ, ಮರಿಗಳನ್ನು ಬಾಯಲ್ಲಿ ಹಿಡಿದು ನೀರಿಗೆ ಬಿಡುತ್ತದೆ. ಇದನ್ನು ದೂರದಿಂದ ಕಂಡವರೇ ಮೊಸಳೆ ತನ್ನ ಮರಿಯನ್ನೇ ತಿನ್ನುತ್ತದೆಂದು ಸುದ್ದಿ ಹಬ್ಬಿಸಿದ್ದು. ಹುಟ್ಟಿದ ಮರಿಗಳಲ್ಲಿ ಬಹುತೇಕ ಹದ್ದು, ಕೊಕ್ಕರೆ, ಉಡ, ದೊಡ್ಡ ಮೀನುಗಳ ಪಾಲಾಗುತ್ತವೆ.

ಈಗ ಲೆಕ್ಕ ಹಾಕಿರಿ. ಹೊಳೆ ಇಳಿದು ಉಸುಕು ತೆರೆದುಕೊಳ್ಳುವ ತಿಂಗಳುಗಳು ಯಾವುವು? ಆ ತಿಂಗಳುಗಳಲ್ಲಿ ದಂಡೆಗೆ ಇಳಿಯುವವರು ಯಾರು? ಟಿಪ್ಪರು, ಟ್ರ್ಯಾಕ್ಟರು, ಜೆಸಿಬಿ. ತತ್ತಿ ಇಡುವ ಹಂಗಾಮೂ ಉಸುಕು ಹೊಡೆಯುವ ಹಂಗಾಮೂ ಒಂದೇ. ಉಸುಕು ಎತ್ತಿದ ಜಾಗದಲ್ಲಿ ಮೊಸಳೆಯೊಂದೇ ಅಲ್ಲ, ಉಸುಕಿನಲ್ಲಿ ತತ್ತಿ ಇಡುವ ಆಮೆಯೂ ಉಸುಕಿನ ಗಡ್ಡೆಗಳ ಮೇಲೆ ಗೂಡು ಮಾಡುವ ರೀವ ಹಕ್ಕಿಯೂ ನೆಲೆ ಕಳೆದುಕೊಳ್ಳುತ್ತವೆ. ದಂಡೆ ಕಳೆದುಕೊಂಡ ಮೊಸಳೆ ಸಾಯುವುದಿಲ್ಲ, ಸರಿಯುತ್ತದೆ. ಎಲ್ಲಿಗೆ? ಉಸುಕು ಉಳಿದ ಕಡೆಗೆ. ಅಂದರೆ ಜನ ಇಳಿಯುವ ಘಾಟಿಗೆ, ದನ ನೀರು ಕುಡಿಯುವ ಇಳಿಜಾರಿಗೆ, ತೋಟದ ಪಂಪಿನ ಬಾಯಿಗೆ. ಟಿಪ್ಪರಿನ ಧಣಿ ದುಡ್ಡು ಎಣಿಸುತ್ತಾನೆ. ಘಾಟಿನಲ್ಲಿ ಮೊಸಳೆಗೆ ಎದುರಾಗುವವಳು ಒಗೆಯುವ ಬಟ್ಟೆಯ ಗಂಟು ಹೊತ್ತ ಹೆಣ್ಣುಮಗಳು.

ಕಾನೂನು ಇಲ್ಲವೇ ಎಂದು ಕೇಳುವಿರಿ. ಇದೆ. ಕಿರು ಖನಿಜಗಳ ಗಣಿಗಾರಿಕೆಗೆ, ಉಸುಕು ಸೇರಿ, ಪರಿಸರದ ಪರವಾನಿಗೆ ಬೇಕೇ ಬೇಕೆಂದು 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. 2016ರಲ್ಲಿ ಕೇಂದ್ರದ ಪರಿಸರ ಮಂತ್ರಾಲಯ ಮಾರ್ಗಸೂಚಿಯನ್ನೂ ಹೊರಡಿಸಿತು. ಆದರೆ ರಾತ್ರಿ ಹೊತ್ತು ದೀಪ ಆರಿಸಿ ಓಡುವ ಟಿಪ್ಪರು ಮಾರ್ಗಸೂಚಿ ಓದುವುದಿಲ್ಲ. ಕಡಿಮೆ ದರದ ಉಸುಕೆಂದು ಕೊಳ್ಳುವವರಲ್ಲಿ ನಮ್ಮ ಪೇಟೆಯವರೂ ಇದ್ದಾರೆ ಎಂಬ ಮಾತನ್ನು ಇಲ್ಲಿ ಕುಳಿತ ಅಂಗಡಿಕಾರ ಬಂಧುಗಳ ಎದುರಿಗೇ ಹೇಳುತ್ತೇವೆ. ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಈಗ ಸಿಗುತ್ತದೆ. ಮನೆ ಕಟ್ಟುವವರು ಪಾವತಿ ಕೇಳಿ ಮಾಲು ತೆಗೆದುಕೊಳ್ಳಲಿ.

ಎರಡನೆಯ ಸಂಗತಿ ನೀರು. ಇಲ್ಲಿ ಕಾರ್ಖಾನೆಯ ಸಂಗಾತಿಗಳು ಮೈ ಬಿಗಿ ಮಾಡಿ ಕುಳಿತದ್ದು ನಮಗೆ ಕಾಣುತ್ತಿದೆ. ಕಾರ್ಖಾನೆ ನಿಲ್ಲಲಿ ಎಂದು ನಾವು ಹೇಳುವವರಲ್ಲ; ಕಬ್ಬು ನುರಿಸುವುದು ನಿಂತರೆ ಈ ಸೀಮೆಯ ಒಲೆಯೇ ನಿಲ್ಲುತ್ತದೆ. ನಾವು ಹೇಳುವುದು ತೊಳೆದ ನೀರಿನ ಮಾತು. ಸಕ್ಕರೆಯ ಅಂಶವಿದ್ದ ನೀರು ಹೊಳೆಗೆ ಬಿದ್ದರೆ ಅದು ವಿಷವೆಂದು ಮೀನು ಸಾಯುವುದಿಲ್ಲ. ಆ ಸಕ್ಕರೆಯನ್ನು ತಿಂದು ಸೂಕ್ಷ್ಮ ಜೀವಿಗಳು ಕೋಟಿಗಟ್ಟಲೆ ಬೆಳೆಯುತ್ತವೆ, ನೀರಿನಲ್ಲಿಯ ಪ್ರಾಣವಾಯುವನ್ನೆಲ್ಲ ಅವೇ ಹೀರುತ್ತವೆ, ಮೀನು ಉಸಿರು ಕಟ್ಟಿ ಮೇಲಕ್ಕೆ ಬರುತ್ತದೆ. ಕಾಕಂಬಿಯಿಂದ ಸ್ಪಿರಿಟ್ ತೆಗೆದ ಮೇಲೆ ಉಳಿಯುವ ಸ್ಪೆಂಟ್‌ವಾಷ್ ಇದಕ್ಕಿಂತ ಎಷ್ಟೋ ಪಾಲು ಕೆಟ್ಟದ್ದು. 2023ರಲ್ಲಿ ಮೇಲೆ ಸಾಂಗ್ಲಿಯ ಹತ್ತಿರ ಕೃಷ್ಣೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಮೀನು ಹೋದರೆ ಮೀನುಗಾರನ ಅನ್ನ ಹೋಯಿತು, ಮೊಸಳೆಯ ಅನ್ನವೂ ಹೋಯಿತು. ಹೊಟ್ಟೆ ಹಸಿದ ಮೊಸಳೆ ನಾಯಿ, ಆಡು, ಕರುಗಳ ಕಡೆಗೆ ನೋಡದೆ ಏನು ಮಾಡೀತು? ಜಲಮಾಲಿನ್ಯದ ಕಾಯಿದೆ 1974ರಿಂದಲೂ ಇದೆ. ಶುದ್ಧೀಕರಣದ ಘಟಕ ಹಗಲು ನಡೆದು ರಾತ್ರಿ ನಿಲ್ಲುತ್ತದೆಯೋ ಹೇಗೆ ಎಂಬುದು ಮಂಡಳಿಯ ಅಧಿಕಾರಿಗಿಂತ ಮೊದಲು ಪಾಳಿಯ ಕೆಲಸಗಾರನಿಗೆ ಗೊತ್ತಾಗುತ್ತದೆ. ಕೂಲಿಯ ಜೊತೆಗೆ ಅದನ್ನೂ ಕೇಳುವ ಹಕ್ಕು ಯೂನಿಯನ್ನಿಗೆ ಇದೆ ಎಂದು ನಾವು ತಿಳಿಯುತ್ತೇವೆ.

ಹೊಳೆಯ ಮಟ್ಟವೂ ಈಗ ಹೊಳೆಯ ಕೈಯಲ್ಲಿಲ್ಲ. ಮೇಲೆ ಮಹಾರಾಷ್ಟ್ರದ ರಾಜಾಪುರದಲ್ಲಿ ಬ್ಯಾರೇಜು, ಕೆಳಗೆ ಹಿಪ್ಪರಗಿಯಲ್ಲಿ ಬ್ಯಾರೇಜು. ಬೇಸಿಗೆಯಲ್ಲಿ ನೀರು ಬಿಟ್ಟರೆ ನಮಗೆ ಕುಡಿಯಲು ಬೇಕೇ ಬೇಕು. ಅದೇ ನೀರು ಒಮ್ಮೆಲೇ ಏರಿದರೆ ತತ್ತಿಯ ಗುಂಡಿ ಕೊಳೆಯುತ್ತದೆ. ಇದಕ್ಕೆ ನಮ್ಮ ಹತ್ತಿರ ಸುಲಭದ ಮದ್ದಿಲ್ಲ.

ಮೊಸಳೆ ಸಾಧುಪ್ರಾಣಿ ಎಂದು ನಾವು ನಿಮ್ಮನ್ನು ನಂಬಿಸಲು ಬಂದಿಲ್ಲ. ಸಾಂಗ್ಲಿಯ ಸೀಮೆಯಲ್ಲಿ ಮನುಷ್ಯರು ಸತ್ತಿದ್ದಾರೆ, ದಾಂಡೇಲಿಯಲ್ಲಿ ಕಾಳಿ ಹೊಳೆಯ ದಂಡೆಯಲ್ಲಿಯೂ ಸತ್ತಿದ್ದಾರೆ. ಆದರೆ ಕೊಂದರೆ ತೊಂದರೆ ತೀರುವುದೇ? ಒಂದು ಕಾಲಕ್ಕೆ ಚರ್ಮಕ್ಕಾಗಿ ಕೊಂದು ಕೊಂದು ದೇಶದ ತುಂಬ ಮೊಸಳೆಯೇ ಇಲ್ಲವಾಗುತ್ತ ಬಂದಾಗ, 1972ರ ವನ್ಯಜೀವಿ ಕಾಯಿದೆ ಅದನ್ನು ಮೊದಲನೆಯ ಪಟ್ಟಿಗೆ ಸೇರಿಸಿತು. 1975ರಲ್ಲಿ ಭಾರತ ಸರಕಾರ ವಿಶ್ವಸಂಸ್ಥೆಯ ನೆರವಿನಿಂದ ತತ್ತಿ ಸಂಗ್ರಹಿಸಿ ಮರಿ ಮಾಡಿ ಹೊಳೆಗೆ ಬಿಡುವ ಯೋಜನೆ ಹೂಡಿತು. ಈಗ ಕೊಂದವನಿಗೆ ಮೂರರಿಂದ ಏಳು ವರ್ಷ ಸೆರೆಮನೆ. ಆ ಸೆರೆಮನೆಗೆ ಹೋಗುವವನು ಬಡಿಗೆ ಹಿಡಿದ ಬಡವ, ಉಸುಕು ಹೊಡೆದ ಧಣಿಯಲ್ಲ. ಮೇಲಾಗಿ ಸತ್ತ ದನ, ಕೊಳೆತ ಮೀನು ತಿಂದು ಹೊಳೆ ತೊಳೆಯುವ ಕೆಲಸಗಾರ ಅದು. ಅದಕ್ಕೆ ಪಗಾರವೂ ಇಲ್ಲ.

ಬೇರೆ ಕಡೆ ಜನ ಹೇಗೆ ಬಾಳುತ್ತಾರೆ? ಗುಜರಾತಿನ ಚರೋತರ ಸೀಮೆಯ ಮಲಾತಜ್ ಎಂಬ ಹಳ್ಳಿಯ ಕೆರೆಯಲ್ಲಿ ಮೊಸಳೆಗಳಿವೆ; ಅಲ್ಲಿಯ ಖೋಡಿಯಾರ ಮಾತೆಗೆ ಮೊಸಳೆಯೇ ವಾಹನ, ಅದಕ್ಕಾಗಿ ಯಾರೂ ಕಲ್ಲು ಎತ್ತುವುದಿಲ್ಲ. ಭಕ್ತಿ ಎಲ್ಲ ಕಡೆ ಬರಲಾರದು, ಬುದ್ಧಿ ಬರಬಹುದು. ಸಿಂಹಳದ ನಿಲ್ವಲಾ ಹೊಳೆಯಲ್ಲಿ ಜನ ಸ್ನಾನ ಮಾಡುವ ಜಾಗಕ್ಕೆ ನೀರಿನೊಳಗೇ ಬೇಲಿ ಹಾಕುತ್ತಾರೆ. ಕಿಂಬುಲ ಕೊಟುವ, ಅಂದರೆ ಮೊಸಳೆಗೋಟೆ, ಎಂದು ಅದಕ್ಕೆ ಹೆಸರು. ಗೂಟ, ಬಿದಿರು, ಈಗೀಗ ಕಬ್ಬಿಣದ ಜಾಳಿಗೆ, ಇಷ್ಟೇ ಸಾಮಾನು. ನೀರು ಒಳಗೆ ಬರುತ್ತದೆ, ಮೊಸಳೆ ಬಾರದು. ನಮ್ಮ ಕಮ್ಮಾರರೂ ಬಡಿಗರೂ ಎರಡು ದಿನದಲ್ಲಿ ಮಾಡಿಕೊಡಬಲ್ಲ ಕೆಲಸವಿದು.

ಆದ್ದರಿಂದ ಐನಾಪುರ ಪಟ್ಟಣ ಪಂಚಾಯತಿಗೆ ಕೊಡಲು ಒಂದು ಅರ್ಜಿ ಬರೆದಿದ್ದೇವೆ. ಘಾಟಿಗೆ ಜಾಳಿಗೆಯ ಬೇಲಿ ಹಾಕಬೇಕು. ಹೊಳೆಗೆ ಹೋಗದೆ ಬಟ್ಟೆ ಒಗೆಯಲು ನಳದ ನೀರಿನ ಕಟ್ಟೆ ಬೇಕು. ತತ್ತಿಯ ತಿಂಗಳುಗಳಲ್ಲಿ ಒಂದು ತುಂಡು ಉಸುಕಿನ ದಂಡೆಗೆ ಯಾವ ಗಾಡಿಯೂ ಇಳಿಯದಂತೆ ತಹಶೀಲದಾರರು ನೋಡಿಕೊಳ್ಳಬೇಕು. ಕೋಳಿ ಅಂಗಡಿಯ ಕಸ ಹೊಳೆಗೆ ಬೀಳಬಾರದು, ಏಕೆಂದರೆ ಆ ವಾಸನೆಗೇ ಮೊಸಳೆ ಘಾಟಿಗೆ ರೂಢಿಯಾಗುತ್ತದೆ. ಈ ಕೊನೆಯದನ್ನು ಪಂಚಾಯತಿಗೆ ಕಾಯದೆ ಅಂಗಡಿಯವರೇ ನಾಳೆಯಿಂದ ಮಾಡಬಹುದು. ಮೊಸಳೆ ಊರೊಳಗೆ ಬಂದರೆ ಅರಣ್ಯ ಇಲಾಖೆಯ 1926 ನಂಬರಿಗೆ ಫೋನು ಮಾಡಿರಿ, ಹುಡುಗರನ್ನು ದೂರ ನಿಲ್ಲಿಸಿರಿ. ಕಾಡುಪ್ರಾಣಿಯಿಂದ ಮನುಷ್ಯ ಸತ್ತರೆ ಕೊಡುವ ಪರಿಹಾರವನ್ನು ರಾಜ್ಯ ಸರಕಾರ 2022ರಲ್ಲಿ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು. ಅದು ಕಾಡಿನ ಅಂಚಿನವರಿಗೆ ಸಲ್ಲುವಂತೆ ಹೊಳೆದಂಡೆಯವರಿಗೂ ತಡವಿಲ್ಲದೆ ಸಲ್ಲಬೇಕೆಂದೂ ಬರೆದಿದ್ದೇವೆ.

ಅರ್ಜಿ ಈ ಮೇಜಿನ ಮೇಲಿದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು, ಶಾಯಿಯ ಡಬ್ಬಿಯೂ ಇಲ್ಲೇ ಇದೆ. ರಾತ್ರಿ ಪಾಳಿಗೆ ಹೋಗುವವರು ಮೊದಲು ಬನ್ನಿರಿ.